ಚೊಂಬಿನೊಳಗಿನ ಬಿಳುಪು

೧೭ ಜೂನ್ ೧೯೭೯, ಭಾನುವಾರ. ಗುಬ್ಬಿ

ಬಟ್ಟೆ ಒಗೆದಾಯಿತು. ಗಡ್ಡ ಹೆರೆದಾಯಿತು. ಚೊಂಬು ಬೆಳಗಿದೆ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಹೊರಮೈ ಪ್ರತಿ ಭಾನುವಾರ ಫಳಫಳ ಅನ್ನುತ್ತದೆ. ಒಳಗೆ ಮಾತ್ರ ಬಿಳಿಚಿದ ಒಂದು ಮಂಕು, ಅಲ್ಲಲ್ಲಿ ಕಲೆ. ಇವತ್ತು ಹಟ ಹಿಡಿದೆ. ಕೈ ತೂರಿಸಿ, ಮರಳು ಹಾಕಿ ಉಜ್ಜಿದೆ. ಪೂರ್ತಿ ಹೋಯಿತು. ಈಗ ಒಳಗೂ ಹೊರಗಿನಷ್ಟೇ ಹಳದಿ ಹಿತ್ತಾಳೆ. ಅಪ್ಪನ ಚೊಂಬು ಇದು. ಇಲ್ಲಿಯ ಹೈಸ್ಕೂಲಿಗೆ ವರ್ಗವಾದಾಗ ಅಮ್ಮ ಕುಣಿಗಲ್‌ನಿಂದ ಕೊಟ್ಟು ಕಳಿಸಿದ್ದು. ಅಪ್ಪನ ಕಾಲದಲ್ಲೂ ಇಷ್ಟು ಚೊಕ್ಕಟ ಇದ್ದಿರಲಾರದು.

ಸಂಜೆ ರಂಗಲಕ್ಷ್ಮಮ್ಮನವರ ಮನೆಯಲ್ಲಿ ಊಟ. ಯಜಮಾನರು ಹೋದ ಮೇಲೆ ಮೇಷ್ಟ್ರುಗಳಿಗೆ ಊಟ ಹಾಕಿಯೇ ಅವರ ಸಂಸಾರ. ನಾವು ನಾಲ್ಕೈದು ಜನ ಖಾಯಂ. ಏಳುವಾಗ ಎಂದಿನಂತೆ ಚೊಂಬಿಗೆ ಮಜ್ಜಿಗೆ ತುಂಬಿಕೊಟ್ಟರು. ರಾತ್ರಿಯೆಲ್ಲ ಇಟ್ಟು, ಚೆನ್ನಾಗಿ ಹುಳಿಯಾದ ಮೇಲೆ ಬೆಳಿಗ್ಗೆ ಬರಿ ಹೊಟ್ಟೆಗೆ ಕುಡಿಯುವುದು ನನ್ನ ಅಭ್ಯಾಸ.

ತುಮಕೂರು ಲೈಬ್ರರಿಯಿಂದ ತಂದ ರಷ್ಯನ್ ಕಾದಂಬರಿ ಅರ್ಧ ಆಯಿತು. ಅನುವಾದ ಒರಟು. ಆದರೂ ಬಿಡಲಾಗುತ್ತಿಲ್ಲ.

೨೦ ಜೂನ್, ಬುಧವಾರ

ಒಂಬತ್ತನೇ ತರಗತಿ. ಪರಮಾಣುವಿನ ರಚನೆ ಶುರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಸುತ್ತುಗಳನ್ನು ಬರೆದು ಹುಣಸೆಬೀಜ ಇಟ್ಟೆ. ನಡುವೆ ನ್ಯೂಕ್ಲಿಯಸ್, ಸುತ್ತಲೂ ಎಲೆಕ್ಟ್ರಾನ್. ಸೋಡಿಯಂನ ಹೊರಸುತ್ತಿನಲ್ಲಿ ಒಂಟಿ ಬೀಜ. ಕ್ಲೋರಿನ್‌ಗೆ ಒಂದು ಕಡಿಮೆ. ಇದು ಕೊಟ್ಟಿತು, ಅದು ತೆಗೆದುಕೊಂಡಿತು. ಕೊಟ್ಟದ್ದು ಧನ, ಪಡೆದದ್ದು ಋಣ. ಆ ಎರಡರ ಸೆಳೆತವೇ ಬಂಧ. ಅದೇ ಅಡುಗೆ ಉಪ್ಪು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಸೋಡಿಯಂ ನೀರಿಗೆ ಬಿದ್ದರೆ ಉರಿಯುತ್ತದೆ, ಕ್ಲೋರಿನ್ ವಿಷ ಅಂದಿರಿ, ಹಾಗಾದರೆ ಉಪ್ಪು ಯಾಕೆ ಕೊಲ್ಲುವುದಿಲ್ಲ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಪರಮಾಣು ಒಂದೇ ಇರಬಹುದು, ಎಲೆಕ್ಟ್ರಾನ್ ಕೊಟ್ಟ ಮೇಲೆ ಅದರ ಗುಣವೇ ಬೇರೆ ಎಂದೆ. ಒಪ್ಪಿದಂತೆ ಕಾಣಲಿಲ್ಲ.

೨೩ ಜೂನ್, ಶನಿವಾರ

ಬೆಳಿಗ್ಗೆ ಹೊಟ್ಟೆ ತೊಳಸು. ಬಾಯಲ್ಲಿ ಹಳೇ ಕಾಸು ಚೀಪಿದಂಥ ರುಚಿ. ಎರಡನೇ ಪೀರಿಯಡ್ ಬಿಟ್ಟು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಡ್ರಿಲ್ ಮೇಷ್ಟ್ರು ಗಂಗಣ್ಣ ನೀರು ತಂದುಕೊಟ್ಟು, ಸ್ಟಾಫ್ ರೂಮಿಗೆಲ್ಲ ಸುದ್ದಿ ಮಾಡಿದ.

೨ ಜುಲೈ, ಸೋಮವಾರ

ನಿಲ್ಲುತ್ತಿಲ್ಲ. ಬೆಳಿಗ್ಗೆ ಬರುತ್ತದೆ, ಸಂಜೆಗೆ ತಗ್ಗುತ್ತದೆ. ತುಮಕೂರಿನ ಡಾಕ್ಟರು ಗ್ಯಾಸ್ಟ್ರಿಕ್ ಎಂದು ಕೆಂಪು ಮಿಕ್ಸ್ಚರ್ ಕೊಟ್ಟರು. ಪ್ಯಾಂಟು ಸಡಿಲವಾಗಿದೆ.

ಯೋಚಿಸಿದೆ. ಗಂಗಣ್ಣನೂ ಅಲ್ಲೇ ಉಣ್ಣುತ್ತಾನೆ, ಗುಂಡುಕಲ್ಲಿನ ಹಾಗಿದ್ದಾನೆ. ಅದೇ ಮುದ್ದೆ, ಅದೇ ಸಾರು. ಹಾಗಾದರೆ ಉಳಿದವರಿಗೆ ಸಿಗದೆ ನನಗೆ ಮಾತ್ರ ಸಿಗುವುದು ಏನು?

ಮಜ್ಜಿಗೆ.

೪ ಜುಲೈ

ರಂಗಲಕ್ಷ್ಮಮ್ಮ ಬಡಿಸುವಾಗ ಗಮನಿಸಿದೆ. ಬೇರೆಯವರಿಗೆ ಕೇಳಿ ಬಡಿಸುತ್ತಾಳೆ. ನನಗೆ ಕೇಳದೆ. ತುಪ್ಪ ಒಂದು ಚಮಚ ಹೆಚ್ಚು. ಮಗಳು ಶಕುಂತಲ ಬಾಗಿಲ ಸಂದಿಯಿಂದ ನೋಡಿ ಒಳಗೆ ಹೋದಳು. ಮೊನ್ನೆ ಅವಳಮ್ಮ ವಿಚಾರಿಸಿದ್ದಳು: ತಾಯಿ ಒಬ್ಬರೇ ಇದ್ದಾರಾ, ನಿಮಗಿನ್ನೂ ಮದುವೆ ಯಾಕೆ ಮಾಡಿಲ್ಲ ಎಂದು. ಆಗ ಅದು ಬರೀ ಮಾತು ಅನಿಸಿತ್ತು.

ನಾನು ಓದಿದ ಕಾದಂಬರಿಗಳಲ್ಲಿ ವಿಷ ಇಕ್ಕುವವರೆಲ್ಲ ಬಹಳ ಅಕ್ಕರೆಯಿಂದ ಬಡಿಸುತ್ತಾರೆ.

೬ ಜುಲೈ, ಶುಕ್ರವಾರ

ಇಂಕಿನ ಬಾಟಲಿ ತೊಳೆದು ಒಯ್ದೆ. ಚೊಂಬು ಒಯ್ಯಲಿಲ್ಲ. ಮಜ್ಜಿಗೆಯನ್ನು ಇದಕ್ಕೇ ಹಾಕಿ ಎಂದೆ. ಆಕೆ ನಕ್ಕಳು. “ಮೇಷ್ಟ್ರೇ, ಇಷ್ಟೇ ಇಷ್ಟು ಯಾವ ಗುಬ್ಬಚ್ಚಿಗೆ?” ಗಂಗಣ್ಣನೂ ನಕ್ಕ. ಶಾಲೆಯ ಲ್ಯಾಬಿನಲ್ಲಿ ಇದ್ದಬದ್ದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಏನೂ ಸಿಗಲಿಲ್ಲ. ಬರೀ ಮಜ್ಜಿಗೆ.

ಬಾಟಲಿ ಕಂಡ ಕೂಡಲೇ ಆಕೆ ಹುಷಾರಾಗಿರಬೇಕು. ಅಥವಾ ನಮ್ಮ ಲ್ಯಾಬಿಗೆ ಸಿಗದಂಥದ್ದು ಏನೋ. ಪುರಾವೆಯಿಲ್ಲದೆ ಬಿಡಲು ಮನಸ್ಸಿಲ್ಲ, ನಾಳೆಯಿಂದ ಮತ್ತೆ ಚೊಂಬಿನ ಮಜ್ಜಿಗೆಯೇ.

೧೨ ಜುಲೈ, ಗುರುವಾರ

ಅಮ್ಮ ಕುಣಿಗಲ್‌ನಿಂದ ಬಂದಿದ್ದಾಳೆ. ಗಂಗಣ್ಣ ಕಾಗದ ಹಾಕಿದ್ದನಂತೆ. ನನ್ನ ಮುಖ ನೋಡಿದವಳೇ ಗೋಡೆಗೊರಗಿ ಕೂತಳು. ಡಾಕ್ಟರು, ಮಿಕ್ಸ್ಚರ್ ಯಾವುದನ್ನೂ ಕೇಳಲಿಲ್ಲ. ಯಾರ ಮನೆಯಲ್ಲಿ ಊಟ, ಅವಳಿಗೆ ಮದುವೆಗಿರುವ ಮಗಳು ಇದ್ದಾಳಾ — ಎರಡೇ ಪ್ರಶ್ನೆ. ಹೇಳಿದೆ.

“ಮದ್ದು ಹಾಕವ್ಳೆ ಕಣ್ಲಾ ಗಿರಿ.”

ವಿಜ್ಞಾನದ ಮೇಷ್ಟ್ರು ನಾನು. ಮದ್ದು ಗಿದ್ದು ಎಂಥದೂ ಇಲ್ಲ ಎಂದೆ. ಮದ್ದು ಹಾಕುವುದು ತಾಯಿಯಿಂದ ಮಗಳಿಗೆ ಬರುವ ವಿದ್ಯೆ, ಮಗಳಿಗೆ ಗಂಡನ್ನು ಒಲಿಸಿಕೊಳ್ಳಲು ಅನ್ನದಲ್ಲಿ ಸೇರಿಸಿದ್ದು ಕರುಳಿಗೆ ಅಂಟಿಕೊಂಡು ಕೂರುತ್ತದೆ, ತೆಗೆಸದಿದ್ದರೆ ಒಣಗಿ ಸಾಯುತ್ತಾರೆ ಎಂದು ಅಮ್ಮ ನಾಲ್ಕು ಹೆಸರು ಹೇಳಿದಳು. ಅಳು. ಭಾನುವಾರ ಹೋಗಿ ಬರೋಣ ಎಂದೆ. ಅಮ್ಮನ ಸಮಾಧಾನಕ್ಕೆ.

ಪೂರ್ತಿ ಅಮ್ಮನ ಸಮಾಧಾನಕ್ಕೇ ಎಂದು ಬರೆದರೆ ಸುಳ್ಳಾಗುತ್ತದೆ.

೧೫ ಜುಲೈ, ಭಾನುವಾರ. ಕುಣಿಗಲ್

ಊರ್ಡಿಗೆರೆ ದಾಟಿ ಒಳಹಾದಿಯಲ್ಲಿ ನಡೆದು ಹೋದರೆ ಮದ್ದು ತೆಗೆಯುವ ಅಡವಿಯಪ್ಪನ ಮನೆ. ಜಗಲಿ ತುಂಬ ಜನ. ಗುಬ್ಬಿಯ ಜವಳಿ ಅಂಗಡಿಯವನೂ ಹೆಂಡತಿಯ ಜೊತೆ ಕೂತಿದ್ದ. ಅಡವಿಯಪ್ಪ ನನ್ನ ಉಗುರು ಒತ್ತಿ, ಕಣ್ಣು ಕೆಳಗೆಳೆದು ನೋಡಿ, “ಯಾರ ಕೈ ಊಟ?” ಎಂದ.

ಅಮ್ಮ ಎಲ್ಲರಿಗೂ ಕೇಳುವ ಹಾಗೆ ಹೆಸರು ಹೇಳಿದಳು. ಗುಬ್ಬಿ ರಂಗಲಕ್ಷ್ಮಮ್ಮ. ಜವಳಿಯವನು ತಿರುಗಿ ನನ್ನನ್ನು ನೋಡಿದ. ನಾನು ಹೌದು ಅನ್ನಲಿಲ್ಲ.

ಸೊಪ್ಪಿನ ರಸ ಕುಡಿಸಿದ. ಕರುಳು ಕಿತ್ತು ಬರುವ ಹಾಗೆ ವಾಂತಿ. ಅಡವಿಯಪ್ಪ ಕಡ್ಡಿಯಲ್ಲಿ ಕೆದಕಿ ಕಪ್ಪು ಉಂಡೆಯೊಂದನ್ನು ಎತ್ತಿ ತೋರಿಸಿದ, ಕೂದಲು ಸುತ್ತಿಕೊಂಡದ್ದು. “ನೋಡವ್ವ, ಹೆಂಗೆ ಅಂಟ್ಕಂಡದೆ.” ಅವನ ಎಡಗೈ ಅಷ್ಟು ಹೊತ್ತೂ ಟವಲಿನ ಕೆಳಗಿತ್ತು. ಅದನ್ನು ನೋಡಿದ್ದೇನೆ.

ಆದರೂ ಹಗುರ ಅನಿಸಿತು.

೨೮ ಜುಲೈ, ಶನಿವಾರ. ಕುಣಿಗಲ್

ಕಾಯಿಲೆಗೆಂದು ಹಾಕಿದ ಎರಡು ವಾರದ ರಜೆ ಮುಗಿಯುತ್ತ ಬಂತು. ಒಂದು ದಿನವೂ ಹೊಟ್ಟೆ ಕೆಡಲಿಲ್ಲ. ಕೆರೆ ಏರಿಯ ಮೇಲೆ ಕೋಡಿಯ ತನಕ ನಡೆದು ಬರುತ್ತೇನೆ. ಅಮ್ಮ ಕಡೆದ ಮಜ್ಜಿಗೆಯನ್ನು ಆಗಿಂದಾಗಲೇ ಸ್ಟೀಲ್ ಲೋಟಕ್ಕೆ ಹಾಕಿ ಕೊಡುತ್ತಾಳೆ. ಕುಡಿದು ತೇಗುತ್ತೇನೆ.

ಆಕೆಯ ಕೈ ಊಟ ಇದ್ದಾಗ ಕಾಯಿಲೆ, ಇಲ್ಲದಾಗ ಇಲ್ಲ. ಪ್ರಯೋಗ ಎಂದರೆ ಇನ್ನೇನು? ಅಡವಿಯಪ್ಪನ ಉಂಡೆ ಸುಳ್ಳಿರಬಹುದು. ಆಕೆ ಏನೋ ಹಾಕಿದ್ದು ಸುಳ್ಳಲ್ಲ.

೩೦ ಜುಲೈ, ಸೋಮವಾರ. ಗುಬ್ಬಿ

ಬಸ್ಸಿಳಿಯುತ್ತಲೇ ಗಂಗಣ್ಣ ಸಿಕ್ಕಿದ. ರಂಗಲಕ್ಷ್ಮಮ್ಮನ ಮನೆಗೆ ಯಾರೂ ಊಟಕ್ಕೆ ಹೋಗುತ್ತಿಲ್ಲವಂತೆ. ಪಕ್ಕದ ಮನೆಯವರು ಮಕ್ಕಳನ್ನು ಆ ಜಗಲಿಗೆ ಬಿಡುತ್ತಿಲ್ಲ. ನಾನು ಯಾರಿಗೂ ಏನೂ ಹೇಳಿಲ್ಲ ಎಂದೆ. “ನೀವ್ಯಾಕ್ ಹೇಳ್ಬೇಕು ಮೇಷ್ಟ್ರೇ? ಜವಳಿ ಅಂಗ್ಡಿ ಕಟ್ಟೆ ಮೇಲೆ ದಿನಾ ನಿಮ್ದೇ ಕಥೆ.”

ಎದುರಿಗೆ ಆಕೆ ಕೊಡ ಹೊತ್ತು ಬಂದಳು. ನನ್ನನ್ನು ನೋಡಿ ನಿಂತಳು. ನಾನು ಬಸ್ಸಿನ ಬೋರ್ಡು ಓದಿದೆ.

ಇನ್ನು ಮೇಲೆ ಹೋಟೆಲ್ ಊಟ. ಮಜ್ಜಿಗೆಯೂ ಅಲ್ಲಿಂದಲೇ. ಮೂಲೆಯಲ್ಲಿ ಕವುಚಿಟ್ಟಿದ್ದ ಚೊಂಬನ್ನು ತೊಳೆದು ತುಂಬಿಸಿ ಇಟ್ಟಿದ್ದೇನೆ.

೨ ಆಗಸ್ಟ್, ಗುರುವಾರ

ಬೆಳಿಗ್ಗೆ ವಾಂತಿ.

ಆಕೆಯ ಮನೆಯ ಒಂದು ಅಗುಳೂ ತಿಂದಿಲ್ಲ.

೩ ಆಗಸ್ಟ್

ಮತ್ತೆ. ಹೋಟೆಲಿನವನಾ? ಅವನಿಗೆ ನನ್ನ ಹೆಸರೂ ಗೊತ್ತಿಲ್ಲ. ನಿನ್ನೆ ಗಂಗಣ್ಣ ಬಾಳೆಹಣ್ಣು ಕೊಟ್ಟ, ಯಾಕೆ ಕೊಟ್ಟ? ಆದರೆ ವಾಂತಿ ಆದದ್ದು ಹಣ್ಣು ತಿನ್ನುವ ಮೊದಲು. ಕರುಳಿನಲ್ಲಿ ಇನ್ನೂ ಉಳಿದಿದೆಯಾ? ಹೀಗೆ ಯೋಚಿಸುತ್ತ ಹೋದರೆ ಅಡವಿಯಪ್ಪನ ಜಗಲಿಯ ಮೇಲೆ ಮತ್ತೆ ಕೂರಬೇಕಾಗುತ್ತದೆ.

೫ ಆಗಸ್ಟ್, ಭಾನುವಾರ

ಬೆಳಗಲು ಚೊಂಬು ಕೈಗೆತ್ತಿಕೊಂಡೆ. ಬಿಸಿಲಿಗೆ ಹಿಡಿದೆ. ಮಜ್ಜಿಗೆ ನಿಂತಿದ್ದ ಅಂಚಿನಲ್ಲಿ, ಒಳಗೆ ಸುತ್ತಲೂ, ತೆಳ್ಳನೆಯ ಹಸಿರು ಗೆರೆ.

ಬೆಳಗಲಿಲ್ಲ. ಹಾಗೇ ಕೆಳಗಿಟ್ಟೆ.

೬ ಆಗಸ್ಟ್, ಸೋಮವಾರ

ರಾತ್ರಿ ಇಟ್ಟ ಮಜ್ಜಿಗೆಯನ್ನು ಕುಡಿಯದೆ ಲ್ಯಾಬಿಗೆ ಒಯ್ದೆ. ಸೋಸಿ, ತಿಳಿಯನ್ನು ಕಾಯಿಸಿ ಇಂಗಿಸಿ, ಅಮೋನಿಯ ಬಿಟ್ಟೆ. ನೀಲಿ. ಎಂಟು ವರ್ಷದಿಂದ ನಾನೇ ಮಕ್ಕಳಿಗೆ ಮಾಡಿ ತೋರಿಸುತ್ತಿರುವ ನೀಲಿ. ತಾಮ್ರ.

ಬರೆದಿಡುತ್ತೇನೆ, ಕ್ರಮವಾಗಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಲೋಹದೊಳಗೆ ಹೊರಸುತ್ತಿನ ಎಲೆಕ್ಟ್ರಾನ್ ಯಾವ ಒಂದು ಪರಮಾಣುವಿನ ಸ್ವತ್ತೂ ಅಲ್ಲ, ಎಲ್ಲವೂ ಸೇರಿ ಹಂಚಿಕೊಂಡಿರುತ್ತವೆ. ಅದೇ ಲೋಹದ ಬಂಧ, ಅದು ಗಟ್ಟಿ. ನೀರಿಟ್ಟರೆ ಏನೂ ಆಗದು. ಹುಳಿ ಇಟ್ಟು ರಾತ್ರಿಯೆಲ್ಲ ಬಿಟ್ಟರೆ, ಗಾಳಿಯ ಆಕ್ಸಿಜನ್ನೂ ಆ ಹುಳಿಯೂ ಸೇರಿ ತಾಮ್ರದ ಪರಮಾಣುವಿನಿಂದ ಎರಡು ಎಲೆಕ್ಟ್ರಾನ್ ಕಸಿದುಕೊಳ್ಳುತ್ತವೆ. ಕಳೆದುಕೊಂಡ ಪರಮಾಣು ಗೋಡೆ ಬಿಟ್ಟು ಮಜ್ಜಿಗೆಗೆ ಇಳಿಯುತ್ತದೆ. ಚೊಂಬಿನಲ್ಲಿದ್ದಾಗ ನಿರುಪದ್ರವಿ, ಹೊಟ್ಟೆಗೆ ಬಂದಾಗ ವಿಷ. ಆ ಹುಡುಗಿ ಉಪ್ಪಿನ ಬಗ್ಗೆ ಕೇಳಿದ್ದು ಇದನ್ನೇ, ತಿರುಗಿಸಿ.

ಒಳಗಿದ್ದ ಬಿಳುಪು ಕೊಳೆಯಲ್ಲ. ಕಲಾಯಿ. ತವರದ ಲೇಪ. ಹುಳಿಯನ್ನು ತಾಮ್ರಕ್ಕೆ ಮುಟ್ಟಿಸದೆ ತಡೆದು ನಿಂತದ್ದು ಅದು. ಅಡುಗೆ ಪಾತ್ರೆಗೆ ಕಲಾಯಿ ಇರುತ್ತದೆ ಎಂದು ಗೊತ್ತಿತ್ತು. ಚೊಂಬಿಗೂ ಹಾಕಿಸಿರಬಹುದು ಎಂದು ಹೊಳೆಯಲಿಲ್ಲ. ಮರಳು ಹಾಕಿ ಉಜ್ಜಿ ತೆಗೆದವನು ನಾನು.

ಆಕೆಯ ಮಜ್ಜಿಗೆ ಬರೀ ಮಜ್ಜಿಗೆಯೇ ಆಗಿತ್ತು. ಇಂಕಿನ ಬಾಟಲಿ ಅವತ್ತೇ ಹೇಳಿತ್ತು.

೭ ಆಗಸ್ಟ್, ಮಂಗಳವಾರ

ಗಂಗಣ್ಣನಿಗೆ ಹೇಳಿದೆ. ಬಾಯಿ ತೆರೆದು ಕೇಳಿದ. ಆಮೇಲೆ ಅವನು ಹೇಳಿದ. ಶಕುಂತಲಳಿಗೆ ಯುಗಾದಿಯಲ್ಲೇ ಗಂಡು ಗೊತ್ತಾಗಿತ್ತಂತೆ. ಅಂತರಸನಹಳ್ಳಿಯಲ್ಲಿ ವರ್ಕ್‌ಶಾಪಿನ ಫಿಟ್ಟರ್, ದೊಡ್ಡರಂಗಯ್ಯ ಎಂಬವರ ಮಗ. ಈ ಸುದ್ದಿ ಮುಟ್ಟಿದ ವಾರದಲ್ಲೇ ಅವರು ಹೇಳಿ ಕಳಿಸಿದ್ದಾರೆ — ಮದ್ದಿನ ಮನೆ ಹೆಣ್ಣು ಬೇಡ.

ಯುಗಾದಿಯಲ್ಲೇ. ನನ್ನ ಮದುವೆಯ ಬಗ್ಗೆ ಆಕೆ ಕೇಳಿದ್ದು ಬರೀ ಮಾತೇ.

೮ ಆಗಸ್ಟ್, ಬುಧವಾರ

ರಂಗಲಕ್ಷ್ಮಮ್ಮನವರ ಮನೆಗೆ ಹೋದೆ. ಒಲೆ ತಣ್ಣಗಿತ್ತು. ತಾಯಿ ಮಗಳು ಕೂತು ಊಟದ ಎಲೆ ಹಚ್ಚುತ್ತಿದ್ದರು, ಯಾವುದೋ ಹೋಟೆಲಿಗೆ. ಮುತ್ತುಗದ ಎಲೆಗೆ ಮದ್ದು ಅಂಟುವುದಿಲ್ಲವೋ ಏನೋ. ಶಕುಂತಲ ಎದ್ದು ಒಳಗೆ ಹೋದಳು.

ಚೊಂಬು, ಕಲಾಯಿ, ತಾಮ್ರ ಎಲ್ಲ ಹೇಳಿದೆ. ಪಾಠದ ದನಿಯಲ್ಲೇ ಹೇಳಿದೆ, ಬೇರೆ ದನಿ ಬರಲಿಲ್ಲ. ಅವರು ಎಲೆ ಚುಚ್ಚುತ್ತಲೇ ಇದ್ದರು. ಕೊನೆಗೆ, ನಾನಾಗಿ ಯಾರಿಗೂ ಹೇಳಲಿಲ್ಲ ಎಂದೆ.

“ಹೌದು ಮೇಷ್ಟ್ರೇ. ಅಲ್ಲ ಅಂತಾನೂ ಹೇಳ್ನಿಲ್ಲ.”

ಅಷ್ಟೇ. ಹೊರಟೆ. ಬಾಗಿಲ ತನಕ ಬಂದ ಮೇಲೆ ಹಿಂದಿನಿಂದ ದನಿ ಬಂತು. “ನನ್ ಒಲೆ ಆರಿದ್ರೆ ಆರ್ಲಿ. ಮಗೀದೊಂದು ದಾರಿ ಮಾಡಿ.”

೧೨ ಆಗಸ್ಟ್, ಭಾನುವಾರ

ಗಂಗಣ್ಣನ ಜೊತೆ ಅಂತರಸನಹಳ್ಳಿಗೆ. ಜೋಳಿಗೆಯಲ್ಲಿ ಚೊಂಬು, ಸೋಸಿದ ತಿಳಿ, ಗಾಜಿನ ನಳಿಕೆ, ಅಮೋನಿಯ. ದೊಡ್ಡರಂಗಯ್ಯ ದೊಡ್ಡ ಮೀಸೆಯ ಮನುಷ್ಯ, ಮಾತು ಕಡಿಮೆ. ಅಣ್ಣತಮ್ಮಂದಿರನ್ನೂ ಕರೆಸಿದ್ದರು. ಮದುಮಗ ತಲೆಬಾಗಿಲಲ್ಲಿ ನಿಂತಿದ್ದ, ಪಾಪ, ಆಸೆಯಿಂದ.

ಮೊದಲು ವಿವರಿಸಿದೆ. ಆಮೇಲೆ ಅಮೋನಿಯ ಬಿಟ್ಟೆ. ನೀಲಿ ಬಂತು, ಚೆನ್ನಾಗಿಯೇ ಬಂತು. ಯಾರೋ ಹೆಂಗಸು ಒಳಗಿನಿಂದ ಶಿವನೇ ಎಂದಳು. ದೊಡ್ಡರಂಗಯ್ಯ ಬಗ್ಗಿ ನೋಡಿ, ಮೊದಲು ಆ ಮಜ್ಜಿಗೆ ಯಾರು ಕೊಡುತ್ತಿದ್ದದ್ದು ಎಂದು ಕೇಳಿದರು. ರಂಗಲಕ್ಷ್ಮಮ್ಮ ಎಂದೆ. ಇದು ಹೋಟೆಲಿನದು ಎಂದೂ ಸೇರಿಸಿದೆ. ಎರಡನೆಯದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅವರ ತಮ್ಮ ಎದ್ದು ನಿಂತು, ಬಣ್ಣ ತಿರುಗಿತಲ್ಲ, ಇನ್ನೇನು ಬೇಕು ಎಂದ. ನಾನು ತಂದ ಪುರಾವೆ ನನ್ನ ಕಣ್ಣೆದುರೇ ಅವರ ಕಡೆ ಸೇರಿಕೊಂಡಿತು.

ಬಸ್ಸಿಗೆ ಹೊರಟಾಗ ದೊಡ್ಡರಂಗಯ್ಯ ರಸ್ತೆಯ ತನಕ ಬಂದರು.

“ನಿಮ್ ನೀಲಿ ಎಲ್ಲಾ ನಮಗ್ ತಿಳಿಯಾಕಿಲ್ಲ ಸಾಮಿ. ಹೆಸರು ಎತ್ತಿದ್ದು ನಿಮ್ಮವ್ವ. ನಿಮ್ಮವ್ವ ಬಂದು ಆಯಮ್ಮನ ಕೈಲಿ ಉಣ್ಲಿ. ನಾವು ಎದುರ್ಗೆ ಕೂತು ನೋಡ್ತೀವಿ. ಆಮೇಲೆ ನಾವೂ ಉಣ್ತೀವಿ.”

ಬರುವ ಭಾನುವಾರ ಎಂದೆ. ಅಮ್ಮನನ್ನು ಕೇಳದೆಯೇ.

೧೫ ಆಗಸ್ಟ್, ಬುಧವಾರ. ಕುಣಿಗಲ್

ಧ್ವಜ ಏರಿಸಿ, ಬಸ್ಸು ಹಿಡಿದು ಬಂದೆ. ಚೊಂಬನ್ನು ಅಮ್ಮನ ಮುಂದಿಟ್ಟೆ. ಒಳಗೆ ಕಣ್ಣು ಹಾಕಿದಳು, ಬೆರಳಾಡಿಸಿದಳು.

“ಕಲಾಯಿ ಎಲ್ ಹೋಯ್ತ್ಲಾ? ನಿಮ್ಮಪ್ಪ ಹೊಲಕ್ಕೆ ಮಜ್ಜಿಗೆ ಒಯ್ತಿದ್ರು ಅಂತ ವರ್ಷ ವರ್ಷ ಹಾಕಿಸ್ತಿದ್ದೆ.”

ಉಜ್ಜಿದೆ ಎಂದೆ. ಚೊಂಬಿನ ಮಾತು ಒಪ್ಪಿದಳು. ಆದರೆ ಅಡವಿಯಪ್ಪ ತೆಗೆದ ಉಂಡೆ? ಕೂದಲು? ಅವನ ಎಡಗೈ ವಿಷಯ ಹೇಳಿದೆ. ಅವತ್ತೇ ಯಾಕೆ ಹೇಳಲಿಲ್ಲ ಎಂದಳು. ನಾನು ಚೊಂಬನ್ನು ಜೋಳಿಗೆಗೆ ಹಾಕಿದೆ. ಕಲಾಯಿ ಹೋದದ್ದೂ ನಿಜ ಇರಬಹುದು, ಮದ್ದು ಹಾಕಿದ್ದೂ ನಿಜ ಇರಬಹುದು — ಇದು ಅಮ್ಮನ ತೀರ್ಮಾನ.

ಬಂಧ ಕೂಡುವಾಗ ಶಕ್ತಿ ಹೊರಬರುತ್ತದೆ, ಮುರಿಯಬೇಕಾದರೆ ಅಷ್ಟನ್ನೂ ನಾವು ಕೊಡಬೇಕು ಎಂದು ಮುಂದಿನ ಪಾಠದಲ್ಲಿದೆ. ಅಡವಿಯಪ್ಪನ ಜಗಲಿಯಲ್ಲಿ ಒಂದು ಹೆಸರು ಅಂಟಿಕೊಳ್ಳಲು ಎಷ್ಟು ಹೊತ್ತು ಬೇಕಾಯಿತು?

ಬರುತ್ತೀಯಾ ಎಂದು ಕೇಳಿದೆ. ಅಮ್ಮ ಬೆನ್ನು ಮಾಡಿ ಮಲಗಿದ್ದಾಳೆ.

೧೯ ಆಗಸ್ಟ್, ಭಾನುವಾರ. ಗುಬ್ಬಿ. ಸಂಜೆ

ಅಮ್ಮ ಬಂದಳು. ಮೊದಲ ಬಸ್ಸಿಗೆ. ಮುಖ ಬಿಗಿದಿತ್ತು.

ರಂಗಲಕ್ಷ್ಮಮ್ಮ ಗೋಡೆಗೆ ಸುಣ್ಣ ಬಳಿದಿದ್ದರು. ಎಲೆ ಹಾಕಿತ್ತು. ಒಂದು ಸಾಲಿನಲ್ಲಿ ಅಮ್ಮ, ನಾನು, ಗಂಗಣ್ಣ. ಎದುರು ದೊಡ್ಡರಂಗಯ್ಯ, ತಮ್ಮ, ಹೆಂಗಸರು. ಕಿಟಕಿಯ ಆಚೆ ಬೀದಿಯ ಜನ, ಜವಳಿಯವನೂ ಸೇರಿ. ಅನ್ನ, ಹುಳಿ, ಹುರುಳಿಕಾಯಿ ಪಲ್ಯ. ನನ್ನ ಎಲೆಗೆ ಒಂದು ಚಮಚ ತುಪ್ಪ, ಎಲ್ಲರಿಗೆ ಹಾಕಿದಷ್ಟೇ.

ಯಾರೂ ಕೈ ಹಾಕಲಿಲ್ಲ. ನಾನು ಕಲಸಿದೆ. ತುತ್ತು ಎತ್ತಿದೆ.

ಕೈ ಬಾಯಿಯ ಹತ್ತಿರ ನಿಂತಿತು. ಒಂದು ಗಳಿಗೆ. ಎಲ್ಲ ಗೊತ್ತಿದ್ದೂ. ಪರೀಕ್ಷೆ ಮಾಡಿದವನು ನಾನೇ ಆಗಿದ್ದೂ.

ಅಮ್ಮ ನನ್ನ ಮಣಿಕಟ್ಟು ಹಿಡಿದಳು. “ತಡಿ. ನಾನ್ ಮೊದಲು.” ತನ್ನ ಎಲೆಯಿಂದಲ್ಲ, ನನ್ನ ಎಲೆಯಿಂದ ಒಂದು ದೊಡ್ಡ ತುತ್ತು ತೆಗೆದು ಬಾಯಿಗಿಟ್ಟು, ಕಣ್ಣು ಮುಚ್ಚಿ ನುಂಗಿದಳು. ಎರಡನೆಯದು. ಮೂರನೆಯದು. ಆಮೇಲೆ ನನ್ನ ಕೈ ಬಿಟ್ಟಳು.

ದೊಡ್ಡರಂಗಯ್ಯನವರ ಮುಖ ಸಡಿಲಾಯಿತು. “ಹೆಸರು ಎತ್ತಿದೋರೇ ಮೊದ್ಲು ಉಂಡ್ರಲ್ಲ, ಇನ್ನೇನಪ್ಪ” ಎಂದು ತಮ್ಮನಿಗೆ ಹೇಳಿ ತಾವೂ ಕಲಸಿದರು. ಹೆಂಗಸರೂ. ಹೊರಗೆ ಗುಜುಗುಜು. ಕಾರ್ತಿಕಕ್ಕೆ ಮದುವೆ ಎಂದು ಅಲ್ಲೇ ಮಾತಾಯಿತು. ಶಕುಂತಲ ನೀರು ಬಡಿಸಲು ಬಂದವಳು ಲೋಟ ತುಂಬಿದ್ದು ನೋಡದೆ ಚೆಲ್ಲಿದಳು, ಗಂಗಣ್ಣ ಏನೋ ತಮಾಷೆ ಮಾಡಿದ, ಎಲ್ಲರೂ ನಕ್ಕರು.

ಅಮ್ಮ ನಂಬಿ ಉಣ್ಣಲಿಲ್ಲ. ಮಗ ಸಾಯುವುದಾದರೆ ತಾನು ಮೊದಲು ಎಂದು ಉಂಡಳು. ನನಗೆ ಗೊತ್ತು. ಸೌಟು ಹಿಡಿದು ನಿಂತಿದ್ದ ರಂಗಲಕ್ಷ್ಮಮ್ಮನಿಗೂ ಗೊತ್ತು. ನನ್ನ ತುತ್ತು ನಿಂತದ್ದನ್ನೂ ಅವರು ನೋಡಿದ್ದಾರೆ. ಅಮ್ಮನಿಗೆ ಇನ್ನೊಂದು ಸೌಟು ಹುಳಿ ಬಡಿಸಿದರು, ಕೇಳಿ.

ಅಮ್ಮನನ್ನು ಬಸ್ಸು ಹತ್ತಿಸಿ ಬರುವಾಗ ಅವರು ಬಾಗಿಲಲ್ಲಿ ನಿಂತಿದ್ದರು. “ಮೇಷ್ಟ್ರೇ, ಪಾತ್ರೆ ತಂದಿದೀರಾ?” ಇಲ್ಲ ಎಂದೆ. ತಮ್ಮದೇ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಹಾಕಿ ಕೊಟ್ಟರು.

ಲೋಟ ಮೇಜಿನ ಮೇಲಿದೆ. ಈಗ ಕಡೆದದ್ದು. ಹುಳಿಯಿಲ್ಲ, ಸ್ಟೀಲು, ತಾಮ್ರದ ಪ್ರಶ್ನೆಯೇ ಇಲ್ಲ. ಇಷ್ಟು ಬರೆಯುವ ತನಕವೂ ಮುಟ್ಟಿಲ್ಲ. ಇದು ಬರೆದು ಮುಗಿಸುವ ವಿಷಯವಲ್ಲ. ಪೆನ್ನು ಕೆಳಗಿಟ್ಟು, ಲೋಟ ಎತ್ತಿ ಕುಡಿಯುತ್ತೇನೆ.